ನಮ್ಮ ಪಾಲಿನ ನಗು ಯಾರೋ ನಗ್ತಿದ್ದಾರೆ ಮಾರಾಯ್ರೆ

ನಿನ್ನೆ ರಾತ್ರಿ ಅಕ್ಕನ ಮನೆಯಲ್ಲಿ ಊಟ. ಉಡುಪಿಗೆ ಹೋದರೆ ಅಕ್ಕ ಹಾಗೇ ಕಳಿಸುವವಳಲ್ಲ, ನಿಮಗೆ ಗೊತ್ತುಂಟು. ತಟ್ಟೆ ಹಿಡಿದು ಟಿವಿ ಎದುರು ಕೂತೆವು. ಕಾಮಿಡಿ ಶೋ ಬರ್ತಿತ್ತು. ಒಬ್ಬ ಗಂಡಸು ಸೀರೆ ಉಟ್ಟು ವೇದಿಕೆಗೆ ಬಂದ. ಅಷ್ಟೇ. ಬಾಯಿ ಇನ್ನೂ ತೆರೆದಿಲ್ಲ, ಆಗಲೇ ಹಿಂದಿನಿಂದ ಹ್ಹೆಹ್ಹೆಹ್ಹೆ ಅಂತ ನಗು. ಮೇಲಿಂದ ಡೊಂಯ್ ಅಂತ ಒಂದು ಸೌಂಡು. ತೀರ್ಪುಗಾರರು ಮೇಜು ಕುಟ್ಟಿ ಕುಟ್ಟಿ ನಗುವುದನ್ನು ಬೇರೆ ಬೇರೆ ಕಡೆಯಿಂದ ತೋರಿಸಿದರು.

ನಾವು? ಭಾವ ಬಂಗುಡೆಯ ಮುಳ್ಳು ಬಿಡಿಸ್ತಿದ್ದರು. ಅಕ್ಕ ಸೀರಿಯಲ್ ಯಾವಾಗ ಶುರು ಅಂತ ಗಡಿಯಾರ ನೋಡ್ತಿದ್ದಳು. ಅಕ್ಕನ ಮಗಳು ಮೊಬೈಲಿನಲ್ಲಿ ಯಾರಿಗೋ ‘ಲೋಲ್’, ಅಂದರೆ ಜೋರಾಗಿ ನಗ್ತಿದ್ದೇನೆ ಅಂತ ಬರೆದು, ಅದರ ಹಿಂದೆ ಸಾಲಾಗಿ ಹಳದಿ ಮುಖ ಕಳಿಸಿದಳು. ಕಣ್ಣಲ್ಲಿ ನೀರು ಬರುವಷ್ಟು ನಗುವ ಮುಖ. ಅವಳ ಸ್ವಂತ ಮುಖ ಮಾತ್ರ ರೇಷನ್ ಅಂಗಡಿಯ ಕ್ಯೂನಲ್ಲಿ ನಿಂತವರ ಹಾಗಿತ್ತು.

"ಎಂತ ಅಷ್ಟು ತಮಾಷೆ?" ಅಂತ ಕೇಳಿದೆ.

"ಎಂತ ಇಲ್ಲ ಮಾಮ, ಸುಮ್ನೆ. ಹಾಕದಿದ್ರೆ ಅವಳಿಗೆ ಬೇಜಾರಾಗ್ತದೆ."

ನೋಡಿ, ಟಿವಿ ನಗ್ತಿದೆ, ಫೋನು ನಗ್ತಿದೆ, ಮನೆಯಲ್ಲಿ ಒಬ್ಬ ಮನುಷ್ಯ ನಗ್ತಿಲ್ಲ. ನನಗೆ ಅಲ್ಲಿಂದ ಶುರುವಾದ ಮಂಡೆಬಿಸಿ ಇನ್ನೂ ಇಳಿದಿಲ್ಲ.

ಈ ಬಾಡಿಗೆ ನಗು ನಮ್ಮವರು ಕಂಡುಹಿಡಿದದ್ದಲ್ಲ ಬಿಡಿ. ಅಮೆರಿಕದಲ್ಲಿ 1950ರ ದಶಕದಲ್ಲೇ ಚಾರ್ಲ್ಸ್ ಡಗ್ಲಾಸ್ ಅಂತ ಒಬ್ಬ ಸೌಂಡ್ ಇಂಜಿನಿಯರ್ ಇದಕ್ಕೊಂದು ಪೆಟ್ಟಿಗೆ ಮಾಡಿದ್ದ. ಟೈಪ್‌ರೈಟರಿನ ಹಾಗೆ ಕೀಲಿಗಳು. ಒಂದು ಒತ್ತಿದರೆ ಹೆಂಗಸರ ಕಿಲಕಿಲ, ಇನ್ನೊಂದು ಒತ್ತಿದರೆ ಗಂಡಸರ ಗಹಗಹ. ಎಷ್ಟು ಹೊತ್ತು ನಗಬೇಕು ಅನ್ನುವುದಕ್ಕೆ ಕಾಲಡಿಯಲ್ಲಿ ಪೆಡಲ್. ಅಲ್ಲಿಯೂ ಎಲ್ಲರೂ ಇದನ್ನು ಒಪ್ಪಲಿಲ್ಲ. 1972ರಲ್ಲಿ ಶುರುವಾದ ‘ಮ್ಯಾಶ್’, ಅದೇ ಯುದ್ಧದ ನಡುವಿನ ಆಸ್ಪತ್ರೆಯ ಕಾಮಿಡಿ, ಅದನ್ನು ಮಾಡಿದವರಿಗೆ ಈ ನಗು ಬೇಡವಾಗಿತ್ತು. ಚಾನೆಲ್ ಬಿಡಲಿಲ್ಲ. ಕೊನೆಗೆ ಆಪರೇಷನ್ ಥಿಯೇಟರಿನ ದೃಶ್ಯಗಳಿಗಾದರೂ ನಗು ಹಾಕಬೇಡಿ ಅಂತ ಚೌಕಾಸಿ ಮಾಡಿ ಉಳಿಸಿಕೊಂಡರು. ಹೊಟ್ಟೆ ಕೊಯ್ಯುವಾಗ ನಗು ಬೇಡ ಅನ್ನುವಷ್ಟು ನಾಚಿಕೆ ಆಗ ಇತ್ತು. ನಮ್ಮ ಶೋಗಳಲ್ಲಿ ಸಾವಿನ ಮನೆಯ ಸ್ಕಿಟ್ಟಿಗೂ ಡೊಂಯ್ ಉಂಟು.

‘ಫ್ರೆಂಡ್ಸ್’ ಧಾರಾವಾಹಿಯಲ್ಲೂ ಬ್ಯಾಕ್‌ಗ್ರೌಂಡ್ ನಗು ಇತ್ತಲ್ಲ ಅಂತೀರಿ. ಇತ್ತು. ಆದರೆ ಅದನ್ನು ಜನರನ್ನು ಎದುರು ಕೂರಿಸಿಕೊಂಡು ಶೂಟ್ ಮಾಡ್ತಿದ್ದರು. ಜನ ನಗದಿದ್ದರೆ ಬರಹಗಾರರು ಅಲ್ಲೇ ನಿಂತು ಜೋಕು ಬದಲಾಯಿಸ್ತಿದ್ದರು. ಅಂದರೆ ಎದುರಿನವನ ನಗುವಿಗೆ ಕಾಯ್ತಿದ್ದರು. ನನ್ನ ತಕರಾರು ಇರುವುದು ಇಲ್ಲೇ. ಈಗ ಕಾಯುವವರು ಯಾರೂ ಇಲ್ಲ.

ನಾನು ತುಳು ನಾಟಕದಲ್ಲಿ ಪ್ರಾಂಪ್ಟರ್ ಆಗಿದ್ದ ಕಾಲ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಸೈಡ್‌ವಿಂಗಿನ ಕತ್ತಲಲ್ಲಿ ಪುಸ್ತಕ, ಟಾರ್ಚು, ಸೊಳ್ಳೆ. ಹಾಸ್ಯದ ನಟ ಒಂದು ಮಾತು ಹೇಳಿ ಸುಮ್ಮನಾಗ್ತಾನೆ. ಕಿಸೆಯಲ್ಲಿ ಬೀಡಿ ಹುಡುಕ್ತಾನೆ. ಲುಂಗಿ ಬಿಚ್ಚಿ ಪುನಃ ಕಟ್ಟಿಕೊಳ್ತಾನೆ. ಹೊಸ ಪ್ರಾಂಪ್ಟರ್ ಆದರೆ, ಮಾತು ಮರೆತಿದ್ದಾನೆ ಅಂತ ಮುಂದಿನದ್ದು ಪಿಸುಗುಟ್ಟಿಬಿಡ್ತಾನೆ. ಪಾರ್ಟಿ ಮರೆತದ್ದಲ್ಲ, ಕಾಯ್ತಿರುವುದು. ನಗು ಮುಂದಿನ ಸಾಲಿನಲ್ಲಿ ಎದ್ದು, ಹಿಂದೆ ಗೋಡೆಗೆ ಒರಗಿ ನಿಂತವರ ತನಕ ಹೋಗಿ, ಇನ್ನೇನು ಇಳಿಯಬೇಕು ಅನ್ನುವಾಗ ಮುಂದಿನ ಮಾತು ಬೀಳಬೇಕು. ಪೂರ್ತಿ ಇಳಿದ ಮೇಲೆ ಬಿದ್ದರೆ ಸತ್ತಿತು. ಮುಂಬೈಯಲ್ಲಿ ನಕ್ಕ ಜಾಗದಲ್ಲಿ ಕಾರ್ಕಳದವರು ನಗುವುದಿಲ್ಲ. ಅದನ್ನು ನಟ ಆಯಾ ರಾತ್ರಿಯೇ ಕಂಡುಕೊಳ್ಳಬೇಕು. ಯಕ್ಷಗಾನದ ಹಾಸ್ಯಗಾರರದ್ದೂ ಇದೇ ವಿದ್ಯೆ. ಮಿಜಾರು ಅಣ್ಣಪ್ಪನವರ ಹೆಸರು ಹೇಳಿದರೆ ಹಳಬರು ಮೊದಲು ನಗ್ತಾರೆ, ಆಮೇಲೆ ಯಾಕೆ ಅಂತ ಹೇಳ್ತಾರೆ. ತುಳು ನಾಟಕ, ಸಿನೆಮಾದ ಹಾಸ್ಯನಟ ಅರವಿಂದ ಬೋಳಾರ್ ಒಮ್ಮೆ ಕತ್ತು ತಿರುಗಿಸಿ ನೋಡಿದರೆ ಸಾಕು. ಅವರ ಮುಖ ಈಗ ವಾಟ್ಸಾಪ್ ಸ್ಟಿಕ್ಕರ್ ಆಗಿ ಓಡಾಡ್ತಿದೆ. ಹಳದಿ ಮುಖಕ್ಕಿಂತ ಅದು ಸಾವಿರ ಪಾಲು ವಾಸಿ, ಕಡೇ ಪಕ್ಷ ನಮ್ಮೂರಿನ ಮುಖ.

ಆ ಹಳದಿ ಮುಖವನ್ನು 2015ರಲ್ಲಿ ಆಕ್ಸ್‌ಫರ್ಡಿನವರು ವರ್ಷದ ಪದ ಅಂತ ಆರಿಸಿದ್ದರು. ‘ಲೋಲ್’ 2011ರಲ್ಲೇ ಅವರ ಡಿಕ್ಷನರಿ ಸೇರಿದೆ. ಸೇರಲಿ, ನನಗೇನು. ಆದರೆ ನಮ್ಮ ಕುಟುಂಬದ ಗ್ರೂಪಿನಲ್ಲಿ ನಡೆದದ್ದು ಕೇಳಿ. ದೊಡ್ಡಪ್ಪನ ಹಳೇ ಗೆಳೆಯರೊಬ್ಬರು ತೀರಿಕೊಂಡ ಸುದ್ದಿ ಬಂತು. ದೊಡ್ಡಪ್ಪ ಆ ಕಣ್ಣೀರಿನ ಮುಖವನ್ನೇ ಮೂರು ಹಾಕಿದರು. ನೀರು ಕಾಣ್ತದಲ್ಲ, ಅಳುವುದು ಅಂತ ತಿಳಿದಿದ್ದರು. ಹುಡುಗರೆಲ್ಲ ಬೇರೆ ಗ್ರೂಪಿಗೆ ಹೋಗಿ ಆ ಸ್ಕ್ರೀನ್‌ಶಾಟ್ ಹಾಕಿ ರೋಫಲ್, ಬ್ರೋ, ಐ ಆಮ್ ಡೆಡ್ ಅಂತ, ಅಂದರೆ ಬಿದ್ದು ಹೊರಳಿ ನಕ್ಕೆ, ನಕ್ಕು ನಕ್ಕು ಸತ್ತೆ ಅಂತ ಬರೆದರು. ಯಾರೂ ನಕ್ಕಿರಲಿಕ್ಕಿಲ್ಲ, ಬರೆದರು ಅಷ್ಟೇ. ಆ ದಿನ ಎರಡೂ ಗ್ರೂಪಿನಲ್ಲಿ ನಿಜವಾಗಿ ಕಣ್ಣೀರು ಹಾಕಿದವರು ದೊಡ್ಡಪ್ಪ ಒಬ್ಬರೇ.

‘ಚಾಟಿನಲ್ಲಿ ಮುಖ ಕಾಣುವುದಿಲ್ಲ, ದನಿ ಕೇಳುವುದಿಲ್ಲ, ತಮಾಷೆಗೆ ಹೇಳಿದ್ದು ಅಂತ ಗೊತ್ತಾಗಲು ಏನಾದರೂ ಗುರುತು ಬೇಡವಾ’ ಅಂತ ವಾದ ಮಾಡುವವರಿದ್ದಾರೆ. ಹಿಂದೆ ಇನ್‌ಲ್ಯಾಂಡ್ ಲೆಟರಿನಲ್ಲೂ ಮುಖ ಕಾಣ್ತಿರಲಿಲ್ಲ. ಬೊಂಬಾಯಿ ಹೋಟೆಲಿನಲ್ಲಿದ್ದ ನಮ್ಮ ಮಾವ ಬರೆದ ಕಾಗದ ಓದಿ ಅಜ್ಜಿ ಬಿದ್ದು ಬಿದ್ದು ನಗ್ತಿದ್ದರು. ಒಂದು ಹಳದಿ ಮುಖವೂ ಇರಲಿಲ್ಲ ಅದರಲ್ಲಿ. ಬರೆಯಲು ಬಂದರೆ ಸಾಕು, ಗುರುತು ಬೇಡ.

ಟಿವಿಯ ವಿಷಯಕ್ಕೆ ಮಾತ್ರ ನಾನು ಸ್ವಲ್ಪ ಮೆತ್ತಗಾಗ್ತೇನೆ. ಅಪ್ಪ ಹೋದ ಮೇಲೆ ಅಮ್ಮ ಸಂಜೆ ಹೊತ್ತು ಈ ಶೋಗಳನ್ನೇ ಹಾಕಿಡುವುದು. ನೋಡುವುದಿಲ್ಲ. ಅಡಿಗೆಮನೆಯಲ್ಲಿ ಕೂತು ತೆಂಗಿನಕಾಯಿ ತುರಿಯುತ್ತಾರೆ. "ಜನ ಇದ್ದ ಹಾಗೆ ಆಗ್ತದೆ" ಅಂತಾರೆ. ಅದಕ್ಕೆ ನಾನು ಎಂತ ಹೇಳಲಿ. ಆದರೆ ಅಮ್ಮನಿಗೆ ಬೇಕಾದದ್ದು ಜನರ ಗಲಾಟೆ. ಅದನ್ನು ಕಾಮಿಡಿ ಅಂತ ಮಾರಬೇಡಿ.

ಇನ್ನೊಂದು ಹೊಟ್ಟೆಉರಿ ಉಂಟು, ಹೇಳಿಬಿಡ್ತೇನೆ. ಬೆಂಗಳೂರಿನ ಶೋಗಳಲ್ಲಿ ಮಂಗಳೂರಿನವನು ಬಂದರೆ ಅವನ ಬಾಯಲ್ಲಿ ಜೋಕೇ ಇರುವುದಿಲ್ಲ. "ಎಂತದು ಮಾರಾಯ್ರೆ" ಅಂದ ಕೂಡಲೇ ನಗು ಬಿಡ್ತಾರೆ. ನಾನು ಬ್ಯಾಂಕ್ ಮ್ಯಾನೇಜರ ಹತ್ರವೂ ಹಾಗೇ ಮಾತಾಡುವುದು, ಐಸಿಯು ಹೊರಗೆ ನಿಂತು ಡಾಕ್ಟರ ಹತ್ರ ಮಾತಾಡುವಾಗಲೂ ಹಾಗೇ. ಯಾರೂ ನಕ್ಕದ್ದು ನೋಡಿಲ್ಲ. ನಮ್ಮ ಮಾತೇ ನಿಮಗೆ ಜೋಕು ಅಂತಾದರೆ ಸ್ಕ್ರಿಪ್ಟ್ ಬರೆಯುವವರಿಗೆ ಸಂಬಳ ಯಾಕೆ?

ಬರೆಯುವವರು ಒಂದು ದಿನ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಸಿಟಿ ಬಸ್ ಹತ್ತಲಿ. ಮೊನ್ನೆ ಜ್ಯೋತಿ ಸ್ಟಾಪಿಗೆ ಹೋಗುವ ಒಬ್ಬರು ಐನೂರರ ನೋಟು ಚಾಚಿದರು. ಕಂಡಕ್ಟರ್ ನೋಟು ನೋಡಿದ, ಅವರ ಮುಖ ನೋಡಿದ. ತುಳುವಿನಲ್ಲಿ ಮೆಲ್ಲಗೆ, "ಅಣ್ಣ, ಚಿಲ್ಲರೆ ಇಲ್ಲ, ನೀವು ಬಸ್ಸನ್ನೇ ಇಟ್ಕೊಳ್ಳಿ" ಅಂದ. ತಾನು ನಗಲಿಲ್ಲ. "ಮುಂದೆ ಹೋಗಿ, ಮುಂದೆ ಹೋಗಿ" ಅಂತ ಹಿಂದಿನ ಬಾಗಿಲಿಗೆ ನಡೆದೇಬಿಟ್ಟ. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಮೀನಿನ ಬುಟ್ಟಿ ಇಟ್ಟುಕೊಂಡಿದ್ದ ಬಾಯಮ್ಮ ಕಿಸಕ್ಕಂದರು, ಅಲ್ಲಿಂದ ಇಡೀ ಬಸ್ಸು. ನೋಟು ಕೊಟ್ಟವರೂ ಸೇರಿ.

ಆ ಕಂಡಕ್ಟರನ್ನು ಯಾವ ಚಾನೆಲಿನವರೂ ಹುಡುಕಿಕೊಂಡು ಬರಬೇಡಿ. ಅವನು ಅದೇ ರೂಟಿನಲ್ಲಿ ಇರಲಿ.