ಸುಡು ಜಾರಬಂಡಿ

ವಿಜಯಪುರದಾಗ ಏಪ್ರಿಲ್ ಬಂತಂದ್ರ ಬಿಸಲು 40 ಡಿಗ್ರಿ ದಾಟತೈತಿ. ಮಕ್ಕಳಿಗೆ ಸೂಟಿ ಬ್ಯಾರೆ. ಮಧ್ಯಾಹ್ನ ಹೆಂಗೋ ಮಜ್ಜಿಗಿ ಕುಡಿಸಿ ಮನ್ಯಾಗ ಹಿಡದು ಕೂಡಿಸ್ತೀವಿ. ಸಂಜೀ 5ಕ್ಕ ಓಣಿ ಉದ್ಯಾನಕ್ಕ ಹೋದ್ರ ಜಾರಬಂಡಿ ಇನ್ನೂ ಕಾದ ಹಂಚು! ದಿನವೆಲ್ಲಾ ಬಿಸಲು ಕುಡದ ತಗಡು ಅದು. ನಿನ್ನೆ ನನ್ನ ನಾಕು ವರ್ಷದ ಮಗಳು ಕುಂತಾಕಿನ ಚಿಟ್ಟನೆ ಚೀರಿದ್ಲು, ತೊಡಿ ಕೆಂಪಗಾಗಿತ್ತು. ನನ್ನ ಹೊಟ್ಟಿ ಉರೀತು.

ಉದ್ಯಾನ ನೋಡ್ಕೊಳ್ಳೋರು ಅಲ್ಲಿದ್ದ ಬೇವಿನ ಗಿಡ ಕಡದು ಫರ್ಸಿ ಕಲ್ಲು ಹಾಸ್ಯಾರ. ಯಾಕ್ರಿ ಕಡದ್ರಿ? ಬೇವಿನ ನೆರಳು ಎಷ್ಟು ತಂಪಂತ ಈ ಊರಾಗ ಯಾರಿಗೆ ಗೊತ್ತಿಲ್ಲ? ಗೋಳಗುಮ್ಮಟದ ಹುಲ್ಲಿನ ಮ್ಯಾಲೆ ಆಡ್ಸೂಣಂದ್ರ ಆಟೋ, ಟಿಕೆಟ್. ದಿನಾ ಆಗೂ ಮಾತಲ್ಲ. ಇಲ್ಲಿ ತಗಡು ತಣ್ಣಗಾಗೂದ್ರಾಗ ಕಾವಲುಗಾರ ಸೀಟಿ ಊದಿ ಗೇಟ್ ಹಾಕ್ತಾನ.

ಎರಡು ಬೇವಿನ ಸಸಿ ಹಚ್ಚಿ ಕೊಡ್ರಿ, ನೀರು ನಾವ ಹಾಕ್ತೀವಿ.