ಒತ್ತಕ್ಷರ ಎರಡನೇ ಹಂತದಲ್ಲಿ

ಕಲಿಕಾ ನ್ಯೂನತೆ (ಬುದ್ಧಿ ಸರಿಯಿದ್ದೂ ಓದು ಬರಹ ಕೈಹತ್ತದ ತೊಂದರೆ) ಇರುವ ದೊಡ್ಡವರಿಗೆ ಓದು ಕಲಿಸುವುದು ಹೇಗೆ ಅಂತ ಮೇಷ್ಟ್ರುಗಳಿಗೆ ಹೇಳಿಕೊಡಲು ಮಂಡ್ಯದಲ್ಲಿ ಒಂದು ದಿನದ ತರಬೇತಿ ನಡೆಯಿತು. ಬ್ಯಾನರಿನಲ್ಲಿ ಹಾಗೇ ಬರೆದಿತ್ತು, ಎರಡು ಕಾಗುಣಿತ ತಪ್ಪಿನ ಜೊತೆ.

ಹತ್ತು ಗಂಟೆಯ ಕಾರ್ಯಕ್ರಮ ಹನ್ನೊಂದೂವರೆಗೆ ಶುರುವಾಯಿತು. ದೀಪ, ನಾಡಗೀತೆ, ಹಾರ, ಮೈಸೂರು ಪೇಟ. ವೇದಿಕೆ ಮೇಲಿದ್ದವರ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಟೀ ಬಂತು. ಉದ್ಘಾಟನೆಯ ಭಾಷಣ ಅನಕ್ಷರತೆಯಿಂದ ಹೊರಟು ಇದ್ದಕ್ಕಿದ್ದಂತೆ ಡೆಂಗಿ ಸೊಳ್ಳೆಯ ಕಡೆಗೆ ತಿರುಗಿತು. ಹಾಳೆ ಅದಲುಬದಲಾಗಿತ್ತು. ಯಾರೂ ಗಮನಿಸಲಿಲ್ಲ, ಚಪ್ಪಾಳೆ ಮಾತ್ರ ಜೋರಾಗಿಯೇ ಬಿತ್ತು.

ಆಮೇಲೆ ಸಂಪನ್ಮೂಲ ವ್ಯಕ್ತಿಗಳ ಪಿಪಿಟಿ. 1995ರ ಕಾನೂನಿನಲ್ಲಿ 7 ಬಗೆಯ ಅಂಗವೈಕಲ್ಯ ಇತ್ತು, ಕಲಿಕಾ ನ್ಯೂನತೆಗೆ ಅದರಲ್ಲಿ ಜಾಗ ಇರಲಿಲ್ಲ. 2016ರ ಕಾನೂನು ಅದನ್ನೂ ಸೇರಿಸಿ 21 ಮಾಡಿತು. ಇಪ್ಪತ್ತೊಂದನ್ನೂ ಪರದೆ ನೋಡಿಕೊಂಡು ಓದಿದರು. ಊಟದ ಹೊತ್ತಾಯಿತು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ. ಇಂಥ ತೊಂದರೆಗಳನ್ನೇ ನೋಡುವ ಜನ ಅಲ್ಲಿದ್ದಾರೆ, ಮಂಡ್ಯದಿಂದ ಒಂದು ಗಂಟೆಯ ದಾರಿ. ಒಬ್ಬರನ್ನು ಕರೆಸಬಹುದಿತ್ತು. ಕರೆಸಿದರೆ ಕಲಿಸಿಬಿಡುತ್ತಾರೆ ಅನ್ನುವ ಭಯ ಇತ್ತೇನೋ.

ಊಟ ಆದ ಮೇಲೆ 'ಪ್ರಾತ್ಯಕ್ಷಿಕೆ'. ಅದಕ್ಕೆಂದು ಆಲೆಮನೆಯಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸನ್ನು ಕರೆತಂದಿದ್ದರು. ಬೆಲ್ಲದ ಲೆಕ್ಕವನ್ನೆಲ್ಲ ಬಾಯಲ್ಲೇ ಹಾಕುವ ಗಟ್ಟಿ ಆಸಾಮಿ. ಅವರ ಕೈಗೆ ಒಂದು ಫಾರಂ ಕೊಟ್ಟರು. ಮೇಲೆಯೇ ಇತ್ತು: 'ಕಲಿಕಾರ್ಥಿಯು ಸ್ವತಃ ಓದಿ, ಸ್ವಂತ ಕೈಬರಹದಲ್ಲಿ ತುಂಬತಕ್ಕದ್ದು.'

"ಸಾ, ಓದಕ್ ಬಂದಿದ್ರೆ ನಾನ್ಯಾಕ್ ಇಲ್ಗ್ ಬತ್ತಿದ್ದೆ?"

"ಪಕ್ಕದಲ್ಲೇ ಕ್ಯೂಆರ್ ಕೋಡ್ ಇದೆಯಲ್ಲಮ್ಮ. ಸ್ಕ್ಯಾನ್ ಮಾಡಿ, ಎಲ್ಲಾ ವಿವರ ಬರುತ್ತೆ, ಓದ್ಕೊಳ್ಳಿ."

ಮುಂದಿನ ಪ್ರಶ್ನೆ, ಕಲಿಕಾ ನ್ಯೂನತೆಯ ಸರ್ಟಿಫಿಕೇಟ್ ಇದೆಯಾ ಅಂತ. 2018ರ ಮಾರ್ಗಸೂಚಿ ಹೇಳಿದ್ದು ಹೀಗೆ: ಎಂಟು ವರ್ಷ ತುಂಬಿದ ಮೇಲೆ ಒಂದು ಪರೀಕ್ಷೆ, 14ಕ್ಕೆ ಇನ್ನೊಂದು, 18ಕ್ಕೆ ಮತ್ತೊಂದು. ಈ ತಾಯಿಗೆ ಎಂಟಾದಾಗ ಅವರು ಕಬ್ಬಿನ ಗದ್ದೆಯಲ್ಲಿ ಗರಿ ಸುಲಿಯುತ್ತಿದ್ದರು, ಕಾನೂನು ಇನ್ನೂ ಹುಟ್ಟಿರಲಿಲ್ಲ. ತಪ್ಪು ಅವರದೇ ಅಲ್ವಾ? ಸ್ವಲ್ಪ ತಡೆದು ಹುಟ್ಟಬೇಕಿತ್ತು.

ಅವರಿಗೆ ಬೇಕಿದ್ದದ್ದು ಬಸ್ಸಿನ ಬೋರ್ಡು ಓದುವುದು, ಅಷ್ಟೇ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ಹತ್ತಬೇಕಾದ ಬಸ್ಸು ಯಾವುದು ಅನ್ನುವುದು ಮಾತ್ರ ಅವರವರ ಹೊಣೆ. ಈ ತಾಯಿ ಮೊದಲ ಅಕ್ಷರ ನೋಡಿ ಉಳಿದದ್ದನ್ನು ಅಂದಾಜು ಮಾಡುತ್ತಾರೆ. ಮಂಡ್ಯದ ಸ್ಟ್ಯಾಂಡಿನಲ್ಲಿ ಅಂದಾಜು ನಡೆಯುತ್ತಾ? ಮದ್ದೂರು, ಮಳವಳ್ಳಿ, ಮೇಲುಕೋಟೆ, ಮೈಸೂರು, ಎಲ್ಲಾ 'ಮ'. ಅದರಲ್ಲೂ ಮಳವಳ್ಳಿ ಬಲು ಕಿತಾಪತಿ. 'ಮ'ಗೂ 'ವ'ಗೂ ಒಂದು ಕೊಂಡಿಯ ವ್ಯತ್ಯಾಸ, ಎರಡೂ ಅಲ್ಲೇ ಇವೆ.

ಆ ನಾಲ್ಕು ಹೆಸರನ್ನೇ ಸ್ಲೇಟಿನಲ್ಲಿ ದೊಡ್ಡದಾಗಿ ಬರೆದು, ಬಿಡಿಸಿ ಹೇಳಿಸಿ, ಬೆರಳಲ್ಲಿ ತಿದ್ದಿಸಿದ್ದರೆ ಸಾಕಿತ್ತು. ಕಣ್ಣು, ಕಿವಿ, ಕೈ ಮೂರನ್ನೂ ಸೇರಿಸಿ ಕಲಿಸುವ ಕ್ರಮವನ್ನು ಅಮೆರಿಕದಲ್ಲಿ ವೈದ್ಯ ಆರ್ಟನ್ ಮತ್ತು ಶಿಕ್ಷಕಿ ಗಿಲ್ಲಿಂಗ್‌ಹ್ಯಾಮ್ 1930ರ ದಶಕದಲ್ಲೇ ರೂಪಿಸಿದ್ದರು. ನಮ್ಮ ಕೂಲಿಮಠದ ಅಯ್ಯನವರು ಮರಳಿನ ಮೇಲೆ ಬೆರಳು ಹಿಡಿದು ತಿದ್ದಿಸಿದ್ದೂ ಇದನ್ನೇ, ಪಿಪಿಟಿ ಇಲ್ಲದೆ. ಇಲ್ಲಿ ಆಯಮ್ಮನಿಗೆ ಸಿಕ್ಕಿದ್ದು 'ಅ ಅರಸ, ಆ ಆನೆ' ಚಿತ್ರಪುಸ್ತಕ. ಮೊಮ್ಮಗನಿಗಾಗುತ್ತೆ ಅಂತ ಸೆರಗಲ್ಲಿ ಸುತ್ತಿಕೊಂಡರು.

ಹಿಂದಿನ ಸಾಲಿನಿಂದ ಒಬ್ಬ ಹುಡುಗ ಮೇಷ್ಟ್ರು ಎದ್ದು, "ಒತ್ತಕ್ಷರ ಬಂದಾಗ ಇವರು ನಿಂತುಬಿಡ್ತಾರೆ ಸಾರ್, ಹೇಗೆ ಕಲಿಸೋದು?" ಅಂದರು. ಇಡೀ ದಿನದಲ್ಲಿ ಓದಿನ ಬಗ್ಗೆ ಬಂದ ಮೊದಲ ಮಾತು ಅದು. ಸಭೆಗೆ ಗಾಬರಿಯಾಯಿತು.

"ಅದು ಎರಡನೇ ಹಂತದ ತರಬೇತಿಯಲ್ಲಿ ಬರುತ್ತೆ."

"ಎರಡನೇ ಹಂತ ಯಾವಾಗ ಸಾರ್?"

"ಮೊದಲನೇ ಹಂತದ ಬಿಲ್ ಪಾಸಾಗಲಿ."

ಅಲ್ಲಿಯವರೆಗೆ ಈ ಜಿಲ್ಲೆಯ ಕಲಿಕಾರ್ಥಿಗಳು ಒತ್ತಿಲ್ಲದ ಊರುಗಳಿಗೆ ಮಾತ್ರ ಓಡಾಡತಕ್ಕದ್ದು. ಮದ್ದೂರು, ಮಳವಳ್ಳಿ ಸದ್ಯಕ್ಕೆ ಬೇಡ. ಮೈಸೂರಿಗೆ ಹೋಗಬಹುದು, ನಾಗಮಂಗಲಕ್ಕೂ ಅಡ್ಡಿಯಿಲ್ಲ. ವಾಪಸ್ ಬರುವುದೇ ಕಷ್ಟ, ಮಂಡ್ಯದಲ್ಲೂ ಒಂದು ಒತ್ತಿದೆ.