ಗಣಪತಿ ನೋಟಿನ ಜಾವಾ

ಚೌತಿ ಹತ್ತಿರ ಬಂತೆಂದರೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಗಣಪತಿ ಚಿತ್ರವಿರುವ ಇಂಡೊನೇಷ್ಯಾದ ನೋಟು ಬಂದೇ ಬರುತ್ತದೆ. "ನೋಡ್ರೋ, ಮುಸ್ಲಿಮರಾದ್ರೂ ಸಂಸ್ಕೃತಿ ಬಿಟ್ಟಿಲ್ಲ" ಅಂತ ಚಿಕ್ಕಪ್ಪ. ಅದು 1998ರ ನೋಟು, ಈಗ ನಡೆಯಲ್ಲ ಚಿಕ್ಕಪ್ಪ ಅಂತ ಹೇಳಿ ಹೇಳಿ ನನಗೂ ಸಾಕಾಗಿದೆ.

ಅವರ ಮನಸ್ಸಿನಲ್ಲಿರುವ, ಇಂಡೊನೇಷ್ಯಾದ ದ್ವೀಪ ಜಾವಾ ಕೂಡ ಈಗ ಅಷ್ಟಾಗಿ ನಡೆಯುತ್ತಿಲ್ಲ. ಅಲ್ಲಿ ಅಬಂಗಾನ್ ಅಂತ ಕರೆಸಿಕೊಳ್ಳುವ ಜನರಿದ್ದರು. ಮುಸ್ಲಿಮರೇ, ಆದರೆ ನಮಾಜಿನ ಗೋಜಿಗೆ ಹೋದವರಲ್ಲ. ಹುಟ್ಟಿಗೆ, ಸಾವಿಗೆ, ಮನೆ ಕಟ್ಟಿದ್ದಕ್ಕೆ ನೆರೆಹೊರೆಯವರನ್ನು ಕರೆದು ಸ್ಲಾಮೆತಾನ್ ಊಟ ಹಾಕುವವರು, ಊರು ಕಾಯುವ ಶಕ್ತಿಗಳಿಗೂ ಎಡೆ ಇಡುವವರು. ನಿಯಮ ಬಿಡದೆ ನಡೆಯುವವರು ಸಾಂತ್ರಿಗಳು. ನನ್ನಜ್ಜ ಸಂಧ್ಯಾವಂದನೆ ಮಾಡಿದ್ದನ್ನು ಯಾರೂ ಕಂಡಿಲ್ಲ, ನಾಗನಿಗೆ ತನು ಹಾಕುವುದನ್ನು ಮಾತ್ರ ಒಂದು ವರ್ಷವೂ ತಪ್ಪಿಸಿರಲಿಲ್ಲ. ಅಬಂಗಾನ್ ಅಂದರೆ ನನಗೆ ಅಜ್ಜನೇ ನೆನಪಾಗುವುದು.

ಇದನ್ನೆಲ್ಲ ಅರಬರ ದುಡ್ಡು ಅಳಿಸಿತು ಅನ್ನುವವರಿದ್ದಾರೆ. ಅದು ಸೋಮಾರಿ ಉತ್ತರ. 1965-66ರಲ್ಲಿ ಕಮ್ಯುನಿಸ್ಟರೆಂದು ಲಕ್ಷಾಂತರ ಜನರನ್ನು ಕೊಂದರು. ಸೈನ್ಯದ ಜೊತೆ ಸಾಂತ್ರಿ ಸಂಘಟನೆಗಳ ಯುವಕರೂ ಕೈಜೋಡಿಸಿದ್ದರು. ಸತ್ತವರಲ್ಲಿ ಅಬಂಗಾನರು ಬಹಳ. ಆಮೇಲೆ ಧರ್ಮ ಹೇಳಿಕೊಳ್ಳದವನ ಮೇಲೆ ಕಮ್ಯುನಿಸ್ಟನೆಂಬ ಗುಮಾನಿ. ಕೆಲವರು ಕ್ರೈಸ್ತರಾದರು, ಕೆಲವರು ಹಿಂದೂಗಳೂ ಆದರು. ಉಳಿದವರ ಮಕ್ಕಳು ಶಾಲೆಯ ಕಡ್ಡಾಯ ಧರ್ಮಪಾಠದಲ್ಲಿ, ಅಪ್ಪಅಮ್ಮನಿಗೇ ಬಾರದ ನಮಾಜು ಕಲಿತು ಮನೆಗೆ ಬಂದರು. ತಮಾಷೆಯೆಂದರೆ, ಆ ಕೊಲೆಗಳ ಬೆನ್ನಿಗೇ ಅಧಿಕಾರ ಹಿಡಿದ ಸೇನಾಧಿಕಾರಿ ಸುಹಾರ್ತೊನ ಇದೇ ಸರ್ಕಾರ 1982ರಲ್ಲಿ ಸರ್ಕಾರಿ ಶಾಲೆಗಳಲ್ಲಿ ತಲೆವಸ್ತ್ರ ನಿಷೇಧಿಸಿತ್ತು. 1991ರಲ್ಲಿ ನಿಷೇಧ ತೆಗೆದರು, ಅದೇ ವರ್ಷ ಸುಹಾರ್ತೊ ಹಜ್‌ಗೂ ಹೋಗಿಬಂದರು. ಗಾಳಿ ಬಂದತ್ತ ತೂರಿಕೊಳ್ಳುವುದು ಸರ್ವಾಧಿಕಾರಿಗೂ ಗೊತ್ತು.

ಹಾಗಂತ ಭಕ್ತಿ ಬೆಳೆದಲ್ಲೆಲ್ಲ ಜಾವಾ ಸತ್ತಿದೆ ಅಂತಲೂ ಅಲ್ಲ. 1633ರಲ್ಲಿ ಜಾವಾದ ಮಾತರಂ ರಾಜ್ಯದ ದೊರೆ ಸುಲ್ತಾನ್ ಅಗುಂಗ್ ಚಾಂದ್ರಮಾನದ ಇಸ್ಲಾಮೀ ತಿಂಗಳುಗಳನ್ನು ತಂದರೂ ಶಕವರ್ಷದ ಎಣಿಕೆಯನ್ನು, ಆಗ ನಡೆಯುತ್ತಿದ್ದ 1555ರಿಂದಲೇ, ಮುರಿಯದೆ ಮುಂದುವರಿಸಿದ. ಹೌದು, ನಮ್ಮ ಪಂಚಾಂಗದ ಅದೇ ಶಕ. ಇನ್ನು ಕುದುಸ್ ಪಟ್ಟಣವಂತೂ ಅಪ್ಪಟ ಸಾಂತ್ರಿಗಳ ಊರು. ಅಲ್ಲಿನ ಹಳೆಯ ಮಸೀದಿಯ ಮಿನಾರು ಕೆಂಪು ಇಟ್ಟಿಗೆಯ ಗುಡಿಯಂತಿದೆ. ಹಿಂದೂಗಳ ಮನಸ್ಸು ನೋಯಬಾರದೆಂದು ಅಲ್ಲಿ ಇಸ್ಲಾಂ ಹರಡಿದ ಸಂತ ಸುನಾನ್ ಕುದುಸ್ ಗೋವಧೆ ಬೇಡವೆಂದರಂತೆ. ಇವತ್ತಿಗೂ ಊರಿನ ಹೆಸರುವಾಸಿ ಸೋತೊ ಸಾರಿಗೆ ದನದ ಬದಲು ಎಮ್ಮೆ ಮಾಂಸ ಹಾಕುವ ರೂಢಿಯಿದೆ.

ಹೋಗಿರುವುದು ಬೇರೆಯೇ: ಮುಸ್ಲಿಮನಾಗಿದ್ದೂ ಉದಾಸೀನನಾಗಿರುವ ನಿರಾಳ. ಅಂಥವನನ್ನು ಅಲ್ಲಿ 'ಇಸ್ಲಾಂ ಕೆಟಿಪಿ' ಅಂತ ಚುಚ್ಚುತ್ತಾರೆ. ಕೆಟಿಪಿ ಅಂದರೆ ಗುರುತಿನ ಚೀಟಿ. ಚೀಟಿಯಲ್ಲಷ್ಟೇ ಮುಸ್ಲಿಂ ಅಂತ. ಹಳೆಯ ಸ್ಥಳೀಯ ನಂಬಿಕೆಯವರು ಅದೇ ಚೀಟಿಯಲ್ಲಿ ತಮ್ಮ ನಂಬಿಕೆಯನ್ನು ಬರೆಸಿಕೊಳ್ಳಲು 2017ರ ಸಂವಿಧಾನ ನ್ಯಾಯಾಲಯದ ತೀರ್ಪು ಬರಬೇಕಾಯಿತು.

ಕುದುಸಿನ ಕಥೆಯನ್ನು ಮೊನ್ನೆ ಗುಂಪಿಗೆ ಹಾಕಿದೆ. "ನಾನು ಹೇಳ್ಲಿಲ್ವಾ, ಒಳಗೊಳಗೆ ಹಿಂದೂಗಳೇ" ಅಂತ ಬರೆದು, ಚಿಕ್ಕಪ್ಪ ಮತ್ತೆ ಆ ನೋಟಿನ ಚಿತ್ರವನ್ನೇ ಹಾಕಿದ್ದಾರೆ.